ರಾಜನ ಬಾಮೈದ, ರಾಜ್ಯದ ದಂಡನಾಯಕ: ವೇಯ್ ಚಿಂಗ್ ಮೇಲೆ ಬಂದದ್ದು ಅಕ್ಕನಿಂದಲೋ, ಸ್ವಂತ ಬಲದಿಂದಲೋ?

ತಾಳೆಗರಿ

ಚೀನಾದ ಹಾನ್ ರಾಜ್ಯದ ವೂ ಚಕ್ರವರ್ತಿಯ ಕಾಲದಲ್ಲಿ (ಕ್ರಿ.ಪೂ. 141–87) ಉತ್ತರದ ಶ್ಯೋಂಗ್ನು ಅಲೆಮಾರಿಗಳ ಮೇಲೆ ಏಳು ಸಲ ದಂಡೆತ್ತಿ ಹೋದ ವೇಯ್ ಚಿಂಗ್ ಬಗ್ಗೆ ಈ ಚರ್ಚೆ. ಸಂಬಂಧಗಳನ್ನು ಮೊದಲೇ ಬಿಡಿಸಿಟ್ಟರೆ ಮುಂದಿನದೆಲ್ಲ ಸಲೀಸು.

ಅವನ ತಾಯಿ ಪಿಂಗ್‌ಯಾಂಗ್ ಸಾಮಂತನ ಮನೆಯ ಆಳು. ತಂದೆ ಝೆಂಗ್ ಜಿ ಅದೇ ಮನೆಯಲ್ಲಿ ಕೆಲಸಕ್ಕಿದ್ದ ಸಣ್ಣ ಅಧಿಕಾರಿ; ಇಬ್ಬರ ನಡುವೆ ಮದುವೆಯಾಗಿರಲಿಲ್ಲ. ಹುಡುಗನನ್ನು ತಂದೆಯ ಮನೆಗೆ ಕಳಿಸಿದರು. ಅಲ್ಲಿ ಕುರಿ ಕಾಯಲು ಹಚ್ಚಿದರು, ಮಲಸೋದರರು ಆಳಿನಂತೆ ನಡೆಸಿಕೊಂಡರು. ದೊಡ್ಡವನಾದ ಮೇಲೆ ತಾಯಿಯಿದ್ದ ಮನೆಗೇ ಮರಳಿ, ಆ ಸಾಮಂತನ ಹೆಂಡತಿಯ ಸವಾರಿ ಆಳಾದ. ಆಕೆ ಚಕ್ರವರ್ತಿಯ ಸ್ವಂತ ಅಕ್ಕ, ಪಿಂಗ್‌ಯಾಂಗ್ ರಾಜಕುಮಾರಿ. ಅದೇ ಮನೆಯಲ್ಲಿ ಹಾಡುತ್ತಿದ್ದ ವೇಯ್ ಚಿಂಗ್‌ನ ಅಕ್ಕ ವೇಯ್ ಜಿಫು ಕ್ರಿ.ಪೂ. 139ರಲ್ಲಿ ಚಕ್ರವರ್ತಿಯ ಕಣ್ಣಿಗೆ ಬಿದ್ದು ಅರಮನೆ ಸೇರಿದಳು. 128ರಲ್ಲಿ ಗಂಡುಮಗು ಹೆತ್ತು ಪಟ್ಟದರಾಣಿಯಾದಳು.

ಇನ್ನೊಬ್ಬ ಅಕ್ಕ ವೇಯ್ ಶಾವೋರ್‌ಳ ಮಗ ಹುವೊ ಚ್ಯುಬಿಂಗ್. ವೇಯ್ ಚಿಂಗ್‌ಗೆ ಸೋದರಳಿಯ. ಹಿರಿಯಕ್ಕನನ್ನು ಮದುವೆಯಾದವನು ಗೊಂಗ್‌ಸುನ್ ಹೆ. ಅಲ್ಲಿಗೆ ಅವನು ಚಕ್ರವರ್ತಿಗೆ ಷಡ್ಡಕ. ಮುಂದೆ ಪಿಂಗ್‌ಯಾಂಗ್ ರಾಜಕುಮಾರಿಯೇ ತನ್ನ ಹಳೇ ಸವಾರಿ ಆಳನ್ನು ಮದುವೆಯಾದಳು. ಹೀಗಾಗಿ ವೇಯ್ ಚಿಂಗ್ ಚಕ್ರವರ್ತಿಗೆ ಬಾಮೈದನೂ ಹೌದು, ಭಾವನೂ ಹೌದು.

ಅಕ್ಕ ಅರಮನೆ ಸೇರದಿದ್ದರೆ ಇವನ ಹೆಸರೂ ನಮಗೆ ಗೊತ್ತಿರುತ್ತಿರಲಿಲ್ಲ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಆ ಸಂಬಂಧ ಅವನಿಗೆ ಏನು ಕೊಟ್ಟಿತು, ಏನನ್ನು ಕಟ್ಟಿಹಾಕಿತು? ತಿಳಿದವರು ಹೇಳಿ.

ಗಡಿಕಾವಲು

ಸಂಬಂಧ ಮೊದಲು ಕೊಟ್ಟದ್ದು ಪ್ರಾಣಾಪಾಯ. ಆಗಿನ ಪಟ್ಟದರಾಣಿ ಚೆನ್‌ಗೆ ಮಕ್ಕಳಿರಲಿಲ್ಲ. ವೇಯ್ ಜಿಫು ಬಸುರಿ ಎಂದು ಗೊತ್ತಾದಾಗ ರಾಣಿಯ ತಾಯಿ ಸಿಟ್ಟು ತೀರಿಸಿಕೊಳ್ಳಲು ಅವಳ ತಮ್ಮನನ್ನು ಹಿಡಿಸಿ ಕೊಲ್ಲಿಸಲು ಹೊರಟಳು. ಗೆಳೆಯ ಗೊಂಗ್‌ಸುನ್ ಆವೊ ನಾಲ್ಕಾರು ಗಟ್ಟಿಗರೊಂದಿಗೆ ನುಗ್ಗಿ ಬಿಡಿಸಿಕೊಂಡು ಬಂದ. ಸುದ್ದಿ ಕೇಳಿದ ಚಕ್ರವರ್ತಿ ವೇಯ್ ಚಿಂಗ್‌ನನ್ನು ತನ್ನ ಹತ್ತಿರದ ಸೇವೆಗೇ ಇಟ್ಟುಕೊಂಡ. ಗೊಂಗ್‌ಸುನ್ ಆವೊ ಹೆಸರು ನೆನಪಿಟ್ಟುಕೊಳ್ಳಿ, 119ರ ಕಾಳಗದಲ್ಲಿ ಮತ್ತೆ ಬರುತ್ತದೆ.

ಅಲ್ಲಿಂದ ಮೊದಲ ದಂಡಯಾತ್ರೆಗೆ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷ ಅವನು ಅರಮನೆಯಲ್ಲಿ, ಚಕ್ರವರ್ತಿಯ ಕಣ್ಣೆದುರೇ ಇದ್ದ. ಇದನ್ನು ಮರೆತು "ಕುರುಬ ಹುಡುಗ ಏಕಾಏಕಿ ದಂಡನಾಯಕನಾದ" ಎಂದು ಬರೆಯುವುದು ಸರಿಯಲ್ಲ.

129ರಲ್ಲಿ ನಾಲ್ವರು ಸೇನಾನಿಗಳಿಗೆ ತಲಾ 10,000 ಕುದುರೆ ಸವಾರರು. ನಾಲ್ಕು ದಾರಿ, ಒಂದೇ ಕೆಲಸ. ಯುನ್‌ಝೊಂಗ್‌ನಿಂದ ಹೋದ ಗೊಂಗ್‌ಸುನ್ ಹೆ ಬರಿಗೈಲಿ ಬಂದ. ದಾಯ್‌ನಿಂದ ಹೋದ ಗೊಂಗ್‌ಸುನ್ ಆವೊ 7,000 ಜನರನ್ನು ಕಳೆದುಕೊಂಡ. ಯಾನ್‌ಮೆನ್‌ನಿಂದ ಹೋದ ಹೆಸರಾಂತ ಬಿಲ್ಲುಗಾರ ಲಿ ಗ್ವಾಂಗ್ ಸೆರೆಯಾಗಿ, ಎರಡು ಕುದುರೆಗಳ ನಡುವೆ ಕಟ್ಟಿದ ಬಲೆಯಲ್ಲಿ ಸತ್ತವನಂತೆ ಮಲಗಿದ್ದು, ಒಬ್ಬ ಸವಾರನ ಕುದುರೆ ಕಸಿದು ತಪ್ಪಿಸಿಕೊಂಡ. ಶಾಂಗ್‌ಗುವಿನಿಂದ ಹೋದ ವೇಯ್ ಚಿಂಗ್ ಒಬ್ಬನೇ ಲೊಂಗ್‌ಚೆಂಗ್‌ವರೆಗೆ ಹೋಗಿ ಕೆಲವು ನೂರು ಜನರನ್ನು ಕೊಂದೋ ಸೆರೆಹಿಡಿದೋ ವಾಪಸಾದ. ಲೊಂಗ್‌ಚೆಂಗ್ ಶ್ಯೋಂಗ್ನುಗಳು ವರ್ಷಕ್ಕೊಮ್ಮೆ ಕೂಡಿ ಪೂಜೆ ಮಾಡುತ್ತಿದ್ದ ಜಾಗ. ಸಂಖ್ಯೆ ಸಣ್ಣದು, ಪೆಟ್ಟು ಬಿದ್ದ ಜಾಗ ದೊಡ್ಡದು.

ನಾಲ್ವರಲ್ಲಿ ವೇಯ್ ಚಿಂಗ್, ಗೊಂಗ್‌ಸುನ್ ಹೆ ಇಬ್ಬರೂ ರಾಜಸಂಬಂಧಿಗಳು. ಸಂಬಂಧವೇ ಗೆಲ್ಲಿಸುವುದಾದರೆ ಇಬ್ಬರೂ ಗೆಲ್ಲಬೇಕಿತ್ತು.

ಲೆಕ್ಕಪತ್ರ

ಆಗಿನ ಸೇನಾ ಲೆಕ್ಕ ಹೇಗಿತ್ತು ಅನ್ನುವುದನ್ನೂ ಸೇರಿಸುತ್ತೇನೆ, ಇಲ್ಲದಿದ್ದರೆ ಬಹುಮಾನ, ಶಿಕ್ಷೆ ಯಾವುದೂ ಅರ್ಥವಾಗುವುದಿಲ್ಲ.

ಕಡಿದ ತಲೆ ಮತ್ತು ಹಿಡಿದ ಸೆರೆಯಾಳು ಎರಡನ್ನೂ ಒಂದೇ ಲೆಕ್ಕಕ್ಕೆ ಬರೆಯುತ್ತಿದ್ದರು. ಎದುರಿಗೆ ತಮ್ಮ ಕಡೆ ಸತ್ತವರ ಸಂಖ್ಯೆ. ಎರಡೂ ಸರಿಸಮವಾದರೆ ಬಹುಮಾನವಿಲ್ಲ, ಶಿಕ್ಷೆಯೂ ಇಲ್ಲ. ನಷ್ಟ ಮೀರಿದರೆ, ಹೇಳಿದ ದಿನಕ್ಕೆ ಹೇಳಿದ ಜಾಗ ಮುಟ್ಟದಿದ್ದರೆ ಮರಣದಂಡನೆ. ಹಣ ಕಟ್ಟಿ ಪ್ರಾಣ ಉಳಿಸಿಕೊಳ್ಳುವ ಅವಕಾಶವಿತ್ತು. ಆಗ ಹುದ್ದೆ, ಬಿರುದು ಎಲ್ಲ ಹೋಗಿ ಸಾಮಾನ್ಯ ಪ್ರಜೆಯಾಗುತ್ತಿದ್ದರು. 129ರಲ್ಲಿ ಲಿ ಗ್ವಾಂಗ್ ಮತ್ತು ಗೊಂಗ್‌ಸುನ್ ಆವೊ ಇಬ್ಬರಿಗೂ ಆದದ್ದು ಇದೇ.

ಗೆದ್ದವನಿಗೆ ಮನೆಗಳ ಲೆಕ್ಕದಲ್ಲಿ ಸಾಮಂತಿಕೆ. 127ರಲ್ಲಿ ವೇಯ್ ಚಿಂಗ್‌ಗೆ ಚಾಂಗ್‌ಪಿಂಗ್ ಸಾಮಂತನೆಂದು 3,800 ಮನೆ ಸಿಕ್ಕವು. ಸಾಮಂತನಿಗೆ ಮನೆಯೊಂದಕ್ಕೆ ವರ್ಷಕ್ಕೆ 200 ಕಾಸು ಎಂಬುದು ಆಗಿನ ಸಾಮಾನ್ಯ ದರ. ಅಂದರೆ ವರ್ಷಕ್ಕೆ 7,60,000 ಕಾಸಿನ ವರಮಾನ. ಆದರೆ ಆ ನೆಲ ಅವನದಲ್ಲ, ಅಲ್ಲಿನ ಜನ ಅವನ ಪ್ರಜೆಗಳಲ್ಲ, ಸೇನೆ ಇಟ್ಟುಕೊಳ್ಳುವ ಹಕ್ಕೂ ಇಲ್ಲ. ಚಕ್ರವರ್ತಿ ಕೈ ಹಿಂದೆಗೆದ ದಿನ ಎಲ್ಲವೂ ಹೋಯಿತು. ನಮ್ಮ ಕಡೆಯ ಪಾಳೆಯಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾನ್ ಸಾಮಂತರನ್ನು ಓದಬೇಡಿ.

ಭೂಪಟ

127ರ ದಂಡಯಾತ್ರೆಯನ್ನು ನಕ್ಷೆ ಮುಂದಿಟ್ಟುಕೊಂಡೇ ನೋಡಬೇಕು. ಹಳದಿ ನದಿ ಉತ್ತರಕ್ಕೆ ಏರಿ, ಪೂರ್ವಕ್ಕೆ ಹೊರಳಿ, ಮತ್ತೆ ದಕ್ಷಿಣಕ್ಕೆ ಇಳಿಯುವ ದೊಡ್ಡ ಬಳಸಿನ ಒಳಗೆ ಒರ್ದೋಸ್ ಇದೆ. ಇಲ್ಲಿ ಶ್ಯೋಂಗ್ನುಗಳಿಗೆ ಸೇರಿದ ಬಾಯ್‌ಯಾಂಗ್ ಮತ್ತು ಲೌಫಾನ್ ಎಂಬ ಇಬ್ಬರು ಅರಸರ ಮಂದೆಗಳಿದ್ದವು. ಇಲ್ಲಿಂದ ರಾಜಧಾನಿ ಚಾಂಗ್‌ಆನ್‌ಗೆ ಕುದುರೆ ದಾರಿ ಹತ್ತಿರ. ಹಾನ್ ದೊರೆಗಳಿಗೆ ನಿದ್ದೆ ಕೆಡಿಸಿದ್ದ ಜಾಗ.

ಆ ವರ್ಷ ಶ್ಯೋಂಗ್ನುಗಳು ಹೊಡೆದದ್ದು ಪೂರ್ವದ ಶಾಂಗ್‌ಗು, ಯುಯಾಂಗ್ ಕಡೆ. ವೇಯ್ ಚಿಂಗ್ ಆ ಕಡೆ ಓಡಲಿಲ್ಲ. ಯುನ್‌ಝೊಂಗ್‌ನಿಂದ ಪಶ್ಚಿಮಕ್ಕೆ ಗಾವೋಚ್ಯುಯೆ ಕಣಿವೆಯವರೆಗೆ ಹೋದ. ಅಲ್ಲಿಗೆ ಒರ್ದೋಸ್‌ನ ಇಬ್ಬರು ಅರಸರಿಗೂ ಉತ್ತರದ ದೊರೆಗೂ ನಡುವಿನ ದಾರಿ ಕಡಿದುಹೋಯಿತು. ಆಮೇಲೆ ದಕ್ಷಿಣಕ್ಕೆ ತಿರುಗಿ ಲೊಂಗ್‌ಶಿವರೆಗೆ ಗುಡಿಸಿಕೊಂಡು ಬಂದ. ಅರಸರಿಬ್ಬರೂ ಓಡಿಹೋದರು, ಲಕ್ಷಗಟ್ಟಲೆ ದನಕುರಿ ಸಿಕ್ಕವು. ರಾಜಾಜ್ಞೆ ಮೆಚ್ಚಿ ಬರೆದದ್ದು ಇನ್ನೊಂದನ್ನು: ಸೇನೆ ಮುಕ್ಕಾಗದೆ ಮರಳಿತು.

ಅಲ್ಲಿ ಶುವೋಫಾಂಗ್ ಎಂಬ ಹೊಸ ಪ್ರಾಂತ ಮಾಡಿದರು. ಕೋಟೆ ಕಟ್ಟಿಸಿದವನು ವೇಯ್ ಚಿಂಗ್‌ನ ಕೈಕೆಳಗಿನ ಸು ಜ್ಯೆನ್. 1,00,000 ಜನರನ್ನು ಅಲ್ಲಿಗೆ ಒಕ್ಕಲೆಬ್ಬಿಸಿ ಕಳಿಸಿದರು. ಮುಂದಿನ ಎಲ್ಲ ದಂಡಯಾತ್ರೆಗೂ ಬಲ ಬಂದದ್ದು ಈ ನೆಲೆಯಿಂದ. ನನ್ನ ಮಟ್ಟಿಗೆ ವೇಯ್ ಚಿಂಗ್‌ನ ನಿಜವಾದ ದೊಡ್ಡ ಕೆಲಸ 127ರದ್ದು, 119ರದ್ದಲ್ಲ.

ಕುದುರೆಲಾಳ

124ರದ್ದನ್ನೂ ಸೇರಿಸಿ. ಅದೇ ಗಾವೋಚ್ಯುಯೆಯಿಂದ 30,000 ಸವಾರರೊಂದಿಗೆ ಹೊರಟು, ಗಡಿಯಾಚೆ ಆರೇಳುನೂರು ಲಿ (ಸುಮಾರು 250–290 ಕಿ.ಮೀ.) ಹೋಗಿ, ರಾತ್ರಿ ಹೊತ್ತು ಶ್ಯೋಂಗ್ನುಗಳ ಬಲಭಾಗದ ದೊಡ್ಡರಸನ ಪಾಳೆಯವನ್ನು ಸುತ್ತುಗಟ್ಟಿದ. ಹಾನ್ ಸೇನೆ ಇಷ್ಟು ದೂರ ಬರಲಾರದು ಎಂಬ ಧೈರ್ಯದಲ್ಲಿ ಅವನು ಕುಡಿದು ಮಲಗಿದ್ದ. ಮೆಚ್ಚಿನ ಹೆಣ್ಣೊಬ್ಬಳು ಮತ್ತು ಕೆಲವು ನೂರು ಸವಾರರೊಂದಿಗೆ ಬೇಲಿ ಮುರಿದು ಉತ್ತರಕ್ಕೆ ಓಡಿದ. ಹತ್ತಕ್ಕೂ ಹೆಚ್ಚು ಕಿರಿಯ ಅರಸರು, 15,000 ಜನ ಸೆರೆಸಿಕ್ಕರು.

ಚಕ್ರವರ್ತಿ ಅವನು ರಾಜಧಾನಿಗೆ ಬರುವುದನ್ನೂ ಕಾಯಲಿಲ್ಲ. ದೂತನ ಕೈಲಿ ಮುದ್ರೆ ಕಳಿಸಿ ಗಡಿಯಲ್ಲೇ ಮಹಾದಂಡನಾಯಕನೆಂದು ಸಾರಿಸಿದ. ಉಳಿದ ಸೇನಾನಿಗಳೆಲ್ಲ ಇವನ ಅಧೀನ. ಜೊತೆಗೆ ಇವನ ಮೂವರು ಮಕ್ಕಳಿಗೂ ಸಾಮಂತಿಕೆ. ಮಕ್ಕಳು ಇನ್ನೂ ಬಟ್ಟೆಯಲ್ಲಿ ಸುತ್ತಿಟ್ಟ ಕೂಸುಗಳು. ಬೇಡವೆಂದ ವೇಯ್ ಚಿಂಗ್: ಕಾದಾಡಿದವರು ನನ್ನ ದಳಪತಿಗಳು, ಕೂಸುಗಳಿಗೆ ಕೊಟ್ಟರೆ ನಾಳೆ ಅವರನ್ನು ಹುರಿದುಂಬಿಸುವುದು ಹೇಗೆ ಎಂದ. ಆಮೇಲೆ ದಳಪತಿಗಳಿಗೂ ಸಾಲುಸಾಲಾಗಿ ಬಿರುದು ಬಂದವು. ಮಕ್ಕಳದ್ದನ್ನು ಚಕ್ರವರ್ತಿ ಹಿಂದಕ್ಕೆ ಪಡೆಯಲಿಲ್ಲ.

ಮೂಲಪಠ್ಯ

ತಾಳೆಗರಿ ಅವರೇ, ಸಂಬಂಧ ಏನನ್ನು ಕಟ್ಟಿಹಾಕಿತು ಎಂದು ಕೇಳಿದಿರಿ. ಉತ್ತರ ವೇಯ್ ಚಿಂಗ್‌ನ ಬಾಯಲ್ಲೇ ಇದೆ, 123ರಲ್ಲಿ.

ಆ ವರ್ಷ ಸು ಜ್ಯೆನ್ ಮತ್ತು ಝಾವೊ ಶಿನ್ ಇಬ್ಬರೂ ಸೇರಿ 3,000ಕ್ಕೂ ಹೆಚ್ಚು ಸವಾರರೊಂದಿಗೆ ಹೋಗುವಾಗ ಶ್ಯೋಂಗ್ನು ದೊರೆಯ ಮುಖ್ಯ ಸೇನೆಗೇ ಎದುರಾದರು. ಒಂದು ದಿನವಿಡೀ ಕಾದಾಡಿ ಸೇನೆ ಕರಗಿತು. ಝಾವೊ ಶಿನ್ ಮೂಲತಃ ಶ್ಯೋಂಗ್ನು. ಉಳಿದ 800 ಸವಾರರೊಂದಿಗೆ ಹಳೇ ಒಡೆಯನ ಕಡೆ ಹೋಗಿಬಿಟ್ಟ. ಸು ಜ್ಯೆನ್ ಒಬ್ಬನೇ ಜೀವ ಹಿಡಿದು ಮಹಾದಂಡನಾಯಕನ ಪಾಳೆಯಕ್ಕೆ ಬಂದ.

ಏನು ಮಾಡಬೇಕೆಂದು ಸಭೆ ಸೇರಿತು. ಝೌ ಬಾ ಎಂಬವನು, "ನೀವು ಸೇನೆ ಹಿಡಿದಾಗಿನಿಂದ ಒಬ್ಬ ಸೇನಾನಿಯ ತಲೆಯನ್ನೂ ತೆಗೆದಿಲ್ಲ, ಇವನನ್ನು ಕಡಿಸಿ ನಿಮ್ಮ ಅಧಿಕಾರ ತೋರಿಸಿ" ಎಂದ. ಉಳಿದಿಬ್ಬರು ಒಪ್ಪಲಿಲ್ಲ: ಕೆಲವೇ ಸಾವಿರ ಜನರೊಂದಿಗೆ ಹತ್ತಾರು ಸಾವಿರದವರ ಎದುರು ದಿನವಿಡೀ ನಿಂತು ಮರಳಿ ಬಂದವನನ್ನು ಕೊಂದರೆ, ಸೋತವರು ಇನ್ನು ಮೇಲೆ ಮರಳಿ ಬರಬೇಡಿ ಎಂದು ಹೇಳಿದಂತೆ ಎಂದರು. ವೇಯ್ ಚಿಂಗ್ ಎರಡೂ ಕಡೆಯ ವಾದವನ್ನು ಬದಿಗಿಟ್ಟ. ತಾನು ರಾಜನ ಒಳಸಂಬಂಧಿಯಾಗಿ ಈ ಜಾಗದಲ್ಲಿರುವವನು, ತನಗೆ ಅಧಿಕಾರದ ಕೊರತೆಯಿಲ್ಲ ಎಂದ. ಕಡಿಸುವ ಹಕ್ಕು ಇದ್ದರೂ ಗಡಿಯಾಚೆ ತಾನೇ ತಾನಾಗಿ ಅದನ್ನು ಚಲಾಯಿಸದೆ ವಿಷಯವನ್ನು ಚಕ್ರವರ್ತಿಯ ಮುಂದಿಟ್ಟರೆ, ಸೇವಕನಾದವನು ಅಧಿಕಾರ ಕೈಗೆತ್ತಿಕೊಳ್ಳಬಾರದು ಎಂಬುದು ಎಲ್ಲರಿಗೂ ಕಾಣುತ್ತದೆ ಎಂದ. ಸು ಜ್ಯೆನ್‌ನನ್ನು ಸೆರೆಯಲ್ಲಿ ರಾಜಧಾನಿಗೆ ಕಳಿಸಿದರು. ಚಕ್ರವರ್ತಿ ಕೊಲ್ಲಿಸಲಿಲ್ಲ, ಹಣ ಕಟ್ಟಿ ಪ್ರಜೆಯಾದ.

ಇದೇ ಸು ಜ್ಯೆನ್ ಒಮ್ಮೆ ವೇಯ್ ಚಿಂಗ್‌ಗೆ, ಹಿಂದಿನ ದೊಡ್ಡ ಸೇನಾನಿಗಳಂತೆ ನೀವೂ ಯೋಗ್ಯರನ್ನು ಹುಡುಕಿ ಹತ್ತಿರ ಇಟ್ಟುಕೊಳ್ಳಿ ಎಂದಿದ್ದ. ಬಂದ ಉತ್ತರ: ದೌ ಯಿಂಗ್ ಮತ್ತು ತ್ಯೆನ್ ಫೆನ್ ಆಶ್ರಿತರನ್ನು ಸಾಕಿದ್ದಕ್ಕೆ ಚಕ್ರವರ್ತಿ ಹಲ್ಲು ಕಡಿಯುತ್ತಿದ್ದ, ಯೋಗ್ಯರನ್ನು ಆರಿಸುವುದು ಒಡೆಯನ ಹಕ್ಕು, ನನ್ನ ಕೆಲಸ ಕಾನೂನಿನಂತೆ ನಡೆಯುವುದು. ಆ ಇಬ್ಬರೂ ಯಾರು? ಒಬ್ಬ ಚಕ್ರವರ್ತಿಯ ಅಜ್ಜಿಯ ಕಡೆಯವನು, ಇನ್ನೊಬ್ಬ ತಾಯಿಯ ತಮ್ಮ. ಇಬ್ಬರೂ ರಾಣಿಯರ ತವರಿನವರು. ವೇಯ್ ಚಿಂಗ್ ತನ್ನನ್ನು ಹೋಲಿಸಿಕೊಂಡದ್ದು ಹಳೇ ಸೇನಾನಿಗಳೊಂದಿಗಲ್ಲ, ಇವರೊಂದಿಗೆ.

ಕಲ್ಲುಬರಹ

ಇದನ್ನು ಇಷ್ಟು ಎತ್ತರಕ್ಕೆ ಏರಿಸಬೇಕೇ? ಅದೇ 123ರಲ್ಲಿ ಎರಡು ದಳ ಕಳೆದುಕೊಂಡದ್ದರಿಂದ ಇವನಿಗೆ ಹೊಸ ಮನೆಗಳು ಸಿಗಲಿಲ್ಲ, 1,000 ಜಿನ್ ಚಿನ್ನ ಮಾತ್ರ ಸಿಕ್ಕಿತು. ಒಂದು ಜಿನ್ ಎಂದರೆ ಸುಮಾರು 250 ಗ್ರಾಂ, ಬೆಲೆ 10,000 ಕಾಸು. ಆಗ ಅರಮನೆಯಲ್ಲಿ ವಾಂಗ್ ಎಂಬಾಕೆಯ ಕಾಲ. ನಿಂಗ್ ಚೆಂಗ್ ಎಂಬವನು ಬಂದು ನೇರವಾಗಿ ಹೇಳಿದ: ನಿಮ್ಮ ಸಾಧನೆ ಅಷ್ಟೇನೂ ಅಲ್ಲ, ಇಷ್ಟೆಲ್ಲ ಬಂದದ್ದು ಪಟ್ಟದರಾಣಿಯಿಂದ, ಈಗ ವಾಂಗ್‌ಳ ತವರು ಇನ್ನೂ ಬಡವಾಗಿದೆ, ಚಿನ್ನವನ್ನು ಅವರಿಗೆ ಕೊಡಿ. ವೇಯ್ ಚಿಂಗ್ 500 ಜಿನ್ ಕೊಟ್ಟ. ತನ್ನ ಅಕ್ಕನ ಸವತಿಯ ಮನೆಗೆ!

ಆ ಕಾಲದ ಇತಿಹಾಸಕಾರ ಸಿಮಾ ಚ್ಯೆನ್ ಕೊಟ್ಟ ತೀರ್ಪೂ ಇದೇ ಧಾಟಿಯದು: ಮೆತ್ತಗಿದ್ದು ದೊರೆಯನ್ನು ಮೆಚ್ಚಿಸಿದ, ಲೋಕ ಮಾತ್ರ ಅವನನ್ನು ಹೊಗಳಲಿಲ್ಲ.

ಮೂಲಪಠ್ಯ

ಆ ಕಥೆಯ ಕೊನೆಯನ್ನೂ ಹೇಳಿ. ಚಕ್ರವರ್ತಿ ಕೇಳಿದಾಗ ವೇಯ್ ಚಿಂಗ್ ಮುಚ್ಚಿಡದೆ, ನಿಂಗ್ ಚೆಂಗ್ ಹೇಳಿದ್ದಕ್ಕೆ ಕೊಟ್ಟೆ ಎಂದ. ಚಕ್ರವರ್ತಿ ನಿಂಗ್ ಚೆಂಗ್‌ಗೆ ದೊಂಗ್‌ಹಾಯ್ ಪ್ರಾಂತದಲ್ಲಿ ಸೇನಾ ಹುದ್ದೆ ಕೊಟ್ಟ. ಗುಟ್ಟು ಮಾಡಿದ್ದರೆ ಅದು ಲಂಚವಾಗುತ್ತಿತ್ತು, ಅರಮನೆಯಲ್ಲಿ ಕೂಟ ಕಟ್ಟಿದಂತಾಗುತ್ತಿತ್ತು.

ಸಿಮಾ ಚ್ಯೆನ್‌ನನ್ನು ಓದುವಾಗ ಒಂದು ಎಚ್ಚರ ಬೇಕು. ಲಿ ಗ್ವಾಂಗ್‌ನ ಮೊಮ್ಮಗ ಲಿ ಲಿಂಗ್ 99ರಲ್ಲಿ ಶ್ಯೋಂಗ್ನುಗಳಿಗೆ ಸೆರೆಯಾದಾಗ, ಅವನ ಪರ ಮಾತಾಡಿದ್ದಕ್ಕೆ ಸಿಮಾ ಚ್ಯೆನ್‌ಗೆ ವೃಷಣಚ್ಛೇದದ ಶಿಕ್ಷೆಯಾಯಿತು. ಆ ಮಾತಿನಿಂದ ಇನ್ನೊಬ್ಬ ರಾಜಸಂಬಂಧಿ ಸೇನಾನಿ, ಲಿ ಗ್ವಾಂಗ್‌ಲಿ ಎಂಬವನಿಗೆ ಅವಮಾನವಾಯಿತು ಎಂಬುದು ಚಕ್ರವರ್ತಿಯ ಸಿಟ್ಟು. ಲಿ ಗ್ವಾಂಗ್ ಮನೆತನದ ಬಗ್ಗೆ ಅವನಿಗಿದ್ದ ಮಮತೆ, ರಾಣಿಯ ತವರಿನ ಸೇನಾನಿಗಳ ಬಗ್ಗೆ ಇದ್ದ ಕಹಿ ಎರಡೂ ಬರಹದಲ್ಲಿ ಇವೆ. ಅಷ್ಟಾದರೂ ಆಸ್ಥಾನದ ಮೆಚ್ಚಿನವರ ಬಗ್ಗೆ ಬರೆದ ಅಧ್ಯಾಯದ ಕೊನೆಯಲ್ಲಿ, ವೇಯ್ ಚಿಂಗ್ ಮತ್ತು ಹುವೊ ಚ್ಯುಬಿಂಗ್ ಸಂಬಂಧದಿಂದ ಮೇಲೆ ಬಂದರೂ ಸ್ವಂತ ಯೋಗ್ಯತೆಯಿಂದಲೂ ಮುಂದೆ ಹೋದರು ಎಂದು ಅವನೇ ಸೇರಿಸಿದ್ದಾನೆ.

ಲೆಕ್ಕಪತ್ರ

119ಕ್ಕೆ ಹೋಗುವ ಮುನ್ನ ಅನ್ನದ ಲೆಕ್ಕ. ಹಾನ್ ಸಿಂಹಾಸನವನ್ನು ಕ್ರಿ.ಶ. 9ರಲ್ಲಿ ಹಿಡಿದ ವಾಂಗ್ ಮಾಂಗ್ ಕಾಲದಲ್ಲಿ ಯಾನ್ ಯೌ ಎಂಬ ಸೇನಾನಿ ಇದನ್ನು ಬಿಡಿಸಿ ಬರೆದಿದ್ದಾನೆ. ಬೇಯಿಸಿ ಒಣಗಿಸಿದ ಧಾನ್ಯ ಒಬ್ಬನಿಗೆ 300 ದಿನಕ್ಕೆ 18 ಹು. ಒಂದು ಹು ಸುಮಾರು 20 ಲೀಟರ್, ಅಂದರೆ ದಿನಕ್ಕೆ 1.2 ಲೀಟರ್. ಇದನ್ನು ಎತ್ತೇ ಎಳೆಯಬೇಕು; ಆ ಎತ್ತಿನ ಮೇವಿಗೆ ಇನ್ನೂ 20 ಹು. ಉಪ್ಪು ಮರಳಿನ ನೆಲದಲ್ಲಿ ನೀರು ಹುಲ್ಲು ಇಲ್ಲದೆ 100 ದಿನದೊಳಗೆ ಎತ್ತು ಸಾಯುತ್ತದೆ. ಆಗ ಧಾನ್ಯ ಇದ್ದರೂ ಹೊರುವವರಿಲ್ಲ. ಜೊತೆಗೆ ಪಾತ್ರೆ, ಸೌದೆ. ಹಿಂದಿನವರ ದಂಡಯಾತ್ರೆಗಳು 100 ದಿನ ಮೀರದೆ ಮುಗಿದದ್ದು ಇದೇ ಕಾರಣಕ್ಕೆ ಎನ್ನುತ್ತಾನೆ.

119ಕ್ಕೆ ಇದನ್ನೇ ಹಚ್ಚಿ ನೋಡಿ. 50,000 ಸವಾರರ ಒಂದು ಸೇನೆಗೆ ದಿನಕ್ಕೆ 3,000 ಹು. ಎತ್ತಿನ ಗಾಡಿಗೆ 25 ಹು ಹೇರು. ದಿನಕ್ಕೆ 120 ಗಾಡಿ, 100 ದಿನಕ್ಕೆ 12,000 ಗಾಡಿ. ಇದು ಮನುಷ್ಯರ ಊಟ ಮಾತ್ರ, ಕುದುರೆ ಮೇವು ಬೇರೆ. ಎರಡು ಸೇನೆಗಳ ಹಿಂದೆ ಲಕ್ಷಗಟ್ಟಲೆ ಕಾಲಾಳು, ಸಾಗಣೆ ಜನ ನಡೆದರು ಎಂಬುದು ಉತ್ಪ್ರೇಕ್ಷೆ ಅಲ್ಲವೆಂದು ಇದರಿಂದಲೇ ಗೊತ್ತಾಗುತ್ತದೆ.

ಆ ಸಲ ಗಡಿ ದಾಟಿದ ಕುದುರೆಗಳು, ಸರ್ಕಾರದ್ದೂ ಖಾಸಗಿಯದ್ದೂ ಸೇರಿ, 1,40,000. ಮರಳಿದ್ದು 30,000ಕ್ಕಿಂತ ಕಡಿಮೆ. ಮರುವರ್ಷ ಗಂಡು ಕುದುರೆಯೊಂದಕ್ಕೆ 2,00,000 ಕಾಸು ಎಂದು ಸರ್ಕಾರವೇ ಬೆಲೆ ಕಟ್ಟಬೇಕಾಯಿತು. ಮೇಲೆ ಹೇಳಿದ 3,800 ಮನೆಗಳ ಸಾಮಂತನ ಇಡೀ ವರ್ಷದ ವರಮಾನಕ್ಕೆ ನಾಲ್ಕು ಕುದುರೆಯೂ ಬರುತ್ತಿರಲಿಲ್ಲ. 119ರ ನಂತರ ವೇಯ್ ಚಿಂಗ್ ಮತ್ತೆ ದಂಡೆತ್ತದೇ ಇದ್ದದ್ದಕ್ಕೆ ಮೂಲ ಕೊಡುವ ಕಾರಣ ಕುದುರೆಗಳ ಕೊರತೆ, ಜೊತೆಗೆ ದಕ್ಷಿಣದ ಯುಯೆ ರಾಜ್ಯಗಳು, ಕೊರಿಯಾ ಕಡೆಯ ಯುದ್ಧಗಳು.

ಕುದುರೆಲಾಳ

ಈಗ 119. ಶ್ಯೋಂಗ್ನು ಕಡೆ ಹೋದ ಝಾವೊ ಶಿನ್ ದೊರೆ ಯಿಝಿಶ್ಯೆಗೆ ಕೊಟ್ಟ ಸಲಹೆ: ಮರುಭೂಮಿಯಾಚೆ ಸರಿದು ಕಾಯಿರಿ, ದಾಟಿ ಬರುವಷ್ಟರಲ್ಲಿ ಹಾನ್ ಸೇನೆ ಸುಸ್ತಾಗಿರುತ್ತದೆ. ಸಲಹೆ ಸರಿಯಾಗೇ ಇತ್ತು.

ಚಕ್ರವರ್ತಿಯ ಯೋಜನೆಯಲ್ಲಿ ದೊರೆಯನ್ನು ಹೊಡೆಯಬೇಕಾದವನು ಅಳಿಯ ಹುವೊ ಚ್ಯುಬಿಂಗ್, ಡಿಂಗ್‌ಶ್ಯಾಂಗ್ ದಾರಿಯಿಂದ. ದೊರೆ ಪೂರ್ವದಲ್ಲಿದ್ದಾನೆ ಎಂದು ಸೆರೆಯಾಳುಗಳು ಹೇಳಿದ್ದರಿಂದ ದಾರಿ ಅದಲುಬದಲಾಯಿತು. ಆಯ್ದ ಸೈನಿಕರೆಲ್ಲ ಹುವೊ ಕಡೆ ಪೂರ್ವಕ್ಕೆ ಹೋದರು, ಉಳಿದವರು ವೇಯ್ ಚಿಂಗ್ ಕಡೆ. ಆದರೆ ದೊರೆ ಕಾದು ಕೂತಿದ್ದು ವೇಯ್ ಚಿಂಗ್‌ನ ದಾರಿಯಲ್ಲೇ.

ದಣಿದು ಬಂದ ಸೇನೆ, ಎದುರಿಗೆ ಅಣಿಯಾಗಿ ನಿಂತ ಶತ್ರು. ವೇಯ್ ಚಿಂಗ್ ಮೊದಲು ಮಾಡಿದ್ದು ಮುಚ್ಚಳವಿದ್ದ ಯುದ್ಧಗಾಡಿಗಳನ್ನು ಸುತ್ತಲೂ ನಿಲ್ಲಿಸಿ ಕೋಟೆ ಮಾಡಿಕೊಂಡದ್ದು. ಬಯಲಲ್ಲಿ ಅಲೆಮಾರಿ ಸವಾರರ ದೊಡ್ಡ ಬಲವೇ ಬದಿಯಿಂದ, ಹಿಂದಿನಿಂದ ಸುತ್ತಿ ಬರುವುದು. ಗಾಡಿ ಬೇಲಿ ಅದನ್ನು ಇಲ್ಲವಾಗಿಸುತ್ತದೆ. ಆಮೇಲೆ 5,000 ಸವಾರರನ್ನು ಮಾತ್ರ ಮುಂದೆ ಬಿಟ್ಟ. ಎದುರಿನಿಂದ ಸುಮಾರು 10,000 ಬಂದರು. ಹೊತ್ತು ಮುಳುಗುವಾಗ ಬಿರುಗಾಳಿ ಎದ್ದು ಮರಳು ಕಲ್ಲು ಮುಖಕ್ಕೆ ಹೊಡೆಯತೊಡಗಿತು, ಎರಡು ಸೇನೆಗಳಿಗೂ ಒಂದನ್ನೊಂದು ಕಾಣದಾಯಿತು. ಆ ಮಬ್ಬಿನಲ್ಲಿ ಎಡಬಲ ಎರಡೂ ರೆಕ್ಕೆಗಳನ್ನು ಬಿಚ್ಚಿ ದೊರೆಯನ್ನು ಸುತ್ತಿಸಿದ. ಕಾಣದ ಗಾಳಿಯಲ್ಲಿ ಸೇನೆಯನ್ನು ಎರಡಾಗಿ ಹರಡುವುದು ಬಹಳ ಅಪಾಯದ ನಡೆ. ನಡುವೆ ಗಾಡಿ ಕೋಟೆ ಭದ್ರವಾಗಿ ನಿಂತಿದ್ದರಿಂದಲೇ ಅದನ್ನು ಮಾಡಲು ಆಯಿತು.

ಯಿಝಿಶ್ಯೆ ಹೇಸರಗತ್ತೆ ಹೂಡಿದ ಬಂಡಿಯಲ್ಲಿ ಕೆಲವು ನೂರು ಸವಾರರೊಂದಿಗೆ ವಾಯವ್ಯಕ್ಕೆ ಪಾರಾದ. ಕತ್ತಲಲ್ಲಿ ಕಾದಾಟ ನಡೆದೇ ಇತ್ತು. ಸಂಜೆಗೆ ಮುಂಚೆಯೇ ದೊರೆ ಹೋದ ಎಂದು ಸೆರೆಯಾಳೊಬ್ಬ ಹೇಳಿದ ಮೇಲೆ ಹಗುರ ಸವಾರರನ್ನು ಬೆನ್ನಟ್ಟಲು ಕಳಿಸಿದರು. ಬೆಳಗಾಗುವಷ್ಟರಲ್ಲಿ 200 ಲಿ (ಸುಮಾರು 83 ಕಿ.ಮೀ.) ಹೋಗಿದ್ದರು, ದೊರೆ ಸಿಗಲಿಲ್ಲ. 19,000 ಜನರ ಲೆಕ್ಕ ಆಯಿತು. ಝಾವೊ ಶಿನ್ ಹೆಸರಿನ ಕೋಟೆಯಲ್ಲಿ ಶ್ಯೋಂಗ್ನು ಧಾನ್ಯ ಸಿಕ್ಕಿತು. ಒಂದು ದಿನ ಉಂಡು ಉಳಿದದ್ದನ್ನು ಸುಟ್ಟು ಮರಳಿದರು. ಹತ್ತಾರು ದಿನ ದೊರೆಯ ಸುಳಿವಿಲ್ಲದೆ, ಶ್ಯೋಂಗ್ನುಗಳಲ್ಲೇ ಇನ್ನೊಬ್ಬ ತಾನೇ ದೊರೆಯೆಂದು ಸಾರಿಕೊಂಡಿದ್ದ.

ಕಲ್ಲುಬರಹ

ಲಿ ಗ್ವಾಂಗ್ ಸಾವನ್ನು ಬಿಟ್ಟಿರಿ. ಅಂದು ಮುಂದಳದ ಸೇನಾನಿ ಅವನು. ಅರವತ್ತು ದಾಟಿದ ಮುದುಕ, ಎಪ್ಪತ್ತಕ್ಕೂ ಹೆಚ್ಚು ಕಾಳಗ ಕಂಡವನು, ದೊರೆಯನ್ನು ಎದುರಿಸಲು ಇದೊಂದು ಅವಕಾಶ ಕೊಡಿ ಎಂದು ಬೇಡಿಕೊಂಡ. ವೇಯ್ ಚಿಂಗ್ ಅವನನ್ನು ಬಳಸುದಾರಿಯ ಪೂರ್ವದ ದಳಕ್ಕೆ ತಳ್ಳಿ, ಅವನ ಜಾಗಕ್ಕೆ ತನ್ನ ಪ್ರಾಣ ಉಳಿಸಿದ್ದ ಗೊಂಗ್‌ಸುನ್ ಆವೊನನ್ನು ತಂದ. ಆ ದಾರಿಯಲ್ಲಿ ನೀರು ಹುಲ್ಲು ಕಡಿಮೆ, ದಾರಿ ತೋರುವವನೂ ಇರಲಿಲ್ಲ. ದಳ ದಾರಿ ತಪ್ಪಿತು, ಕಾಳಗ ಮುಗಿದ ಮೇಲೆ ಬಂತು. ವಿಚಾರಣೆಗೆ ಕರೆದಾಗ ಲಿ ಗ್ವಾಂಗ್ ಕತ್ತು ಕುಯ್ದುಕೊಂಡ. ಇದು ಸ್ವಜನಪಕ್ಷಪಾತವಲ್ಲದೆ ಇನ್ನೇನು?

ಗಡಿಕಾವಲು

ಗೊಂಗ್‌ಸುನ್ ಆವೊಗೆ ಅವಕಾಶ ಕೊಡುವ ಆಸೆ ಇತ್ತು, ಅದನ್ನು ಮೂಲವೇ ಹೇಳುತ್ತದೆ. ವೇಯ್ ಚಿಂಗ್ ಮೇಲಿನ ನಿಜವಾದ ಕಪ್ಪುಚುಕ್ಕೆ ಅದು. ಆದರೆ ಇನ್ನರ್ಧವೂ ಇದೆ: ಲಿ ಗ್ವಾಂಗ್‌ಗೆ ವಯಸ್ಸಾಗಿದೆ, ಅದೃಷ್ಟ ಕೆಟ್ಟದ್ದು, ದೊರೆಯ ಎದುರು ನಿಲ್ಲಿಸಬೇಡ ಎಂದು ಚಕ್ರವರ್ತಿಯೇ ಗುಟ್ಟಾಗಿ ಅಪ್ಪಣೆ ಕೊಟ್ಟಿದ್ದ. ವೇಯ್ ಚಿಂಗ್ ಅದನ್ನು ಲಿ ಗ್ವಾಂಗ್‌ಗೆ ಹೇಳಲಾರ, ತಾನೇ ಕೆಟ್ಟವನಾಗಬೇಕು.

ಮುಂದೆ ಲಿ ಗ್ವಾಂಗ್‌ನ ಮಗ ಲಿ ಗಾನ್ ಬಂದು ವೇಯ್ ಚಿಂಗ್‌ಗೆ ಹೊಡೆದು ಗಾಯ ಮಾಡಿದ. ಮಹಾದಂಡನಾಯಕನ ಮೇಲೆ ಕೈ ಮಾಡಿದವನ ತಲೆ ಉರುಳಬೇಕಿತ್ತು. ವೇಯ್ ಚಿಂಗ್ ಅದನ್ನು ಯಾರಿಗೂ ಹೇಳಲಿಲ್ಲ. ಸುದ್ದಿ ತಿಳಿದ ಅಳಿಯ ಹುವೊ ಚ್ಯುಬಿಂಗ್ ಗಾನ್‌ಚ್ಯುವಾನ್ ಅರಮನೆಯ ಬೇಟೆಯಲ್ಲಿ ಲಿ ಗಾನ್‌ನನ್ನು ಬಾಣ ಬಿಟ್ಟು ಕೊಂದ. ಜಿಂಕೆ ತಿವಿದು ಸತ್ತ ಎಂದು ಚಕ್ರವರ್ತಿ ಮುಚ್ಚಿಹಾಕಿದ. ರಾಜಸಂಬಂಧದ ರಕ್ಷಣೆ ಬಿಚ್ಚುಬಿಚ್ಚಾಗಿ ಕಾಣುವುದು ಇಲ್ಲಿ.

ಭೂಪಟ

ಮಾವ ಅಳಿಯರ ಯುದ್ಧದ ರೀತಿಯೇ ಬೇರೆ. ಹುವೊ 123ರಲ್ಲಿ, ಆಗಿನ ಎಣಿಕೆಯಂತೆ 18ನೇ ವಯಸ್ಸಿಗೆ, 800 ಹಗುರ ಸವಾರರೊಂದಿಗೆ ಮುಖ್ಯ ಸೇನೆ ಬಿಟ್ಟು ಮುಂದೆ ಹೋಗಿ 2,028 ಜನರ ಲೆಕ್ಕ ತಂದ. 119ರಲ್ಲಿ 2,000 ಲಿಗೂ (830 ಕಿ.ಮೀ.) ಹೆಚ್ಚು ದೂರ ಹೋಗಿ 70,443 ಲೆಕ್ಕ ಬರೆಸಿದ, ಲಾಂಗ್‌ಜ್ಯುಶು ಬೆಟ್ಟದ ಮೇಲೆ ಆಕಾಶಪೂಜೆ ಮಾಡಿದ. ಗುಟ್ಟು ರಾಜಾಜ್ಞೆಯಲ್ಲೇ ಇದೆ: ಊಟವನ್ನು ಶತ್ರುವಿನಿಂದಲೇ ಪಡೆದ. ಲೆಕ್ಕಪತ್ರ ಅವರು ಹೇಳಿದ ಎತ್ತಿನ ಗಾಡಿಗಳನ್ನು ಹಿಂದೆ ಬಿಟ್ಟು, ಶರಣಾದ ಶ್ಯೋಂಗ್ನು ಮುಖಂಡರನ್ನೇ ಮುಂದಿಟ್ಟುಕೊಂಡು ನೀರು ಹುಲ್ಲು ಇದ್ದ ಕಡೆ ಹೋದ. ಮಂದೆ ಸಿಗದಿದ್ದರೆ ಇಡೀ ಸೇನೆ ಉಪವಾಸ. ಗೆದ್ದಾಗಲೂ ಹತ್ತಕ್ಕೆ ಮೂರು ಪಾಲು ಜನ ಹೋದರು.

ಸೈನಿಕರ ಬಗ್ಗೆ ಕಾಳಜಿಯಲ್ಲೂ ವ್ಯತ್ಯಾಸ. ಹುವೊಗೆ ಅರಮನೆಯ ಅಡುಗೆಮನೆಯಿಂದ ಹತ್ತಾರು ಗಾಡಿ ಊಟ ಬರುತ್ತಿತ್ತು. ಮರಳುವಾಗ ಉಳಿದ ಧಾನ್ಯ ಮಾಂಸ ಎಸೆದರು, ಸೈನಿಕರು ಹಸಿದಿದ್ದರು. ಏಳಲೂ ತ್ರಾಣವಿಲ್ಲದ ಸೈನಿಕರ ನಡುವೆ ಅವನು ಚೆಂಡಾಟಕ್ಕೆ ಅಂಗಳ ಮಾಡಿಸುತ್ತಿದ್ದ. ಚಿಕ್ಕಂದಿನಿಂದಲೇ ಅರಮನೆಯ ಸಂಬಂಧದಲ್ಲಿ ಬೆಳೆದವನು ಅವನು. ಮಾವ ಕುರಿ ಕಾಯ್ದು ಬಂದವನು.

119ರ ನಂತರ ಇಬ್ಬರಿಗೂ ಮಹಾ ಅಶ್ವಾಧಿಪತಿ ಎಂಬ ಸಮಾನ ಪದವಿ. ಹೊಸ ಮನೆಗಳು ಹುವೊಗೆ 5,800, ವೇಯ್ ಚಿಂಗ್‌ಗೆ ಒಂದೂ ಇಲ್ಲ. ವೇಯ್ ಚಿಂಗ್ ಬಾಗಿಲಲ್ಲಿದ್ದ ಆಶ್ರಿತರೆಲ್ಲ ಹುವೊ ಮನೆಗೆ ನಡೆದರು, ರೆನ್ ಆನ್ ಒಬ್ಬನೇ ಉಳಿದ. ಹುವೊ 117ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡ, ಮಾವ 106ರವರೆಗೆ ಬದುಕಿದ.

ತಾಳೆಗರಿ

ಸಂಬಂಧದಿಂದಲೇ ಸೇನಾನಿಯಾದವನ ಇನ್ನೊಂದು ಮಾದರಿ ಬೇಕಾದರೆ ಲಿ ಗ್ವಾಂಗ್‌ಲಿ. ಚಕ್ರವರ್ತಿಯ ಮೆಚ್ಚಿನ ಲಿ ಎಂಬಾಕೆಯ ಅಣ್ಣ. 104ರಲ್ಲಿ ಮಧ್ಯ ಏಷ್ಯಾದ ದಾಯುವಾನ್‌ನ ಕುದುರೆ ತರಲು 6,000 ಸವಾರರು ಮತ್ತು ಹತ್ತಾರು ಸಾವಿರ ಪುಂಡರೊಂದಿಗೆ ಹೋದ. ದಾರಿಯ ಊರುಗಳು ಬಾಗಿಲು ಮುಚ್ಚಿ ಧಾನ್ಯ ಕೊಡಲಿಲ್ಲ. ಗಡಿಯ ದುನ್‌ಹುವಾಂಗ್‌ಗೆ ಮರಳಿದ್ದು ಹತ್ತರಲ್ಲಿ ಒಂದೆರಡು ಪಾಲು ಜನ. ಎರಡನೇ ಸಲ 60,000 ಜನ, 1,00,000 ಎತ್ತು, 30,000ಕ್ಕೂ ಹೆಚ್ಚು ಕುದುರೆ, ಊರಿನ ನೀರು ತಿರುಗಿಸಲು ಕಾಲುವೆ ಬಲ್ಲವರು. ಗೆದ್ದು ತಂದದ್ದು ಕೆಲವು ಹತ್ತು ಉತ್ತಮ ಕುದುರೆ, 3,000 ಮಧ್ಯಮದವು. ಯುಮೆನ್ ಬಾಗಿಲು ಸೇರಿದ್ದು 10,000 ಚಿಲ್ಲರೆ ಜನ, 1,000 ಚಿಲ್ಲರೆ ಕುದುರೆ. ಇಷ್ಟಕ್ಕೂ ಅವನಿಗೆ ಸಾಮಂತಿಕೆ ಸಿಕ್ಕಿತು.

90ರಲ್ಲಿ ತಂಗಿಯ ಮಗನನ್ನು ಯುವರಾಜನನ್ನಾಗಿಸುವ ಒಳಸಂಚು ಬಯಲಾಗಿ ಹೆಂಡತಿ ಮಕ್ಕಳು ಸೆರೆಯಾದರು. ಗೆದ್ದು ತೋರಿಸಿದರೆ ಉಳಿದೇನು ಎಂದು ಸೇನೆಯನ್ನು ಇನ್ನೂ ಉತ್ತರಕ್ಕೆ ನುಗ್ಗಿಸಿದ, ಸೋತ, ಶ್ಯೋಂಗ್ನುಗಳಿಗೆ ಶರಣಾದ. ಅವರೇ ಅವನನ್ನು ಕೊಂದರು. ಆಶ್ರಿತರು, ಉತ್ತರಾಧಿಕಾರದ ಆಟ: ವೇಯ್ ಚಿಂಗ್ ಮುಟ್ಟದೇ ಬಿಟ್ಟದ್ದು ಇವನ್ನೇ.

ಮೂಲಪಠ್ಯ

ಮುಟ್ಟದೇ ಬಿಟ್ಟರೂ ಮನೆತನ ಉಳಿಯಲಿಲ್ಲ. ಹಿರಿಮಗನ ಸಾಮಂತಿಕೆ ಸುಳ್ಳು ರಾಜಾಜ್ಞೆಯ ಆರೋಪದಲ್ಲಿ 116ರಲ್ಲೇ ಹೋಗಿತ್ತು. 112ರಲ್ಲಿ ಪೂರ್ವಜರ ಪೂಜೆಗೆ ಕೊಟ್ಟ ಚಿನ್ನ ಸರಿಯಿಲ್ಲವೆಂದು ಒಂದೇ ಏಟಿಗೆ 106 ಸಾಮಂತರ ಬಿರುದು ಕಿತ್ತರು. ಉಳಿದ ಇಬ್ಬರು ಮಕ್ಕಳೂ ಅದರಲ್ಲಿದ್ದರು. ಆಗ ವೇಯ್ ಚಿಂಗ್ ಇನ್ನೂ ಬದುಕಿದ್ದ.

91ರಲ್ಲಿ, ಚಕ್ರವರ್ತಿಯ ಮೇಲೆ ಮಾಟ ಮಾಡಿಸಿದರೆಂಬ ಆರೋಪದ ಪ್ರಕರಣ. ಆ ಷಡ್ಡಕ ಗೊಂಗ್‌ಸುನ್ ಹೆ ಆಗ ಪ್ರಧಾನಮಂತ್ರಿ. ಅವನ ಮಗ ಉತ್ತರ ಸೇನೆಯ 1,90,00,000 ಕಾಸು ನುಂಗಿದ್ದು ಸಿಕ್ಕಿಬಿದ್ದು, ಅಲ್ಲಿಂದ ಮಾಟದ ಆರೋಪ ಹೊರಬಂದು ತಂದೆ ಮಗ ಸೆರೆಮನೆಯಲ್ಲಿ ಸತ್ತರು. ರಾಣಿ ವೇಯ್ ಜಿಫುವಿನ ಇಬ್ಬರು ಹೆಣ್ಣುಮಕ್ಕಳು, ವೇಯ್ ಚಿಂಗ್‌ನ ಹಿರಿಮಗ ಕೊಲ್ಲಲ್ಪಟ್ಟರು. ಅವಳ ಮಗ ಯುವರಾಜ ದಂಗೆಯೆದ್ದು ಸೋತು ಸತ್ತ, ಪಟ್ಟದರಾಣಿಯಾಗಿ 38ನೇ ವರ್ಷದಲ್ಲಿದ್ದ ಅವಳೂ ಆತ್ಮಹತ್ಯೆ ಮಾಡಿಕೊಂಡಳು. ವೇಯ್ ಚಿಂಗ್ ಬಾಗಿಲು ಬಿಡದಿದ್ದ ರೆನ್ ಆನ್ ಕೂಡ, ಯುವರಾಜನ ಅಧಿಕಾರ ಲಾಂಛನ ಸ್ವೀಕರಿಸಿ ಸುಮ್ಮನೆ ಕೂತ ಎಂದು ಇದೇ ಪ್ರಕರಣದಲ್ಲಿ ತಲೆ ಕೊಟ್ಟ.

ಗಡಿಕಾವಲು

ಒಂದು ಸೇರ್ಪಡೆ. 119ರಲ್ಲಿ ಇಬ್ಬರಿಗಾಗಿ ಹುಟ್ಟಿದ ಮಹಾ ಅಶ್ವಾಧಿಪತಿ ಪದವಿ ಮುಂದೆ ರಾಣಿಯರ ತವರಿನವರು ರಾಜ್ಯ ಹಿಡಿಯುವ ಮೆಟ್ಟಿಲಾಯಿತು. ವೂ ಸತ್ತ 87ರಲ್ಲಿ ಅದು ಹುವೊ ಚ್ಯುಬಿಂಗ್‌ನ ಮಲತಮ್ಮ ಹುವೊ ಗ್ವಾಂಗ್ ಕೈಗೆ ಬಂತು. ಅವನು ದೊರೆಗಳನ್ನೇ ಏರಿಸಿ ಇಳಿಸಿದ. ಅದೇ ಪದವಿಯಲ್ಲಿ ಕೂತಿದ್ದ ವಾಂಗ್ ಮಾಂಗ್ ಕ್ರಿ.ಶ. 9ರಲ್ಲಿ ಸಿಂಹಾಸನವನ್ನೇ ಏರಿದ. ವೇಯ್ ಚಿಂಗ್ ಕೈಯಲ್ಲಿ ಆ ಪದವಿ ಹದಿಮೂರು ವರ್ಷ ಯಾವ ಅಪಾಯವೂ ಇಲ್ಲದೆ ಇತ್ತು. ಹಾಗಾಗಿ ಮುಂದಿನವರು ಅದನ್ನು ಅಪಾಯವೆಂದು ಎಣಿಸಲೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

91ರ ಹತ್ಯಾಕಾಂಡದಲ್ಲಿ ಯುವರಾಜನ ಮೊಮ್ಮಗ, ಕೆಲವು ತಿಂಗಳ ಕೂಸು, ಸೆರೆಮನೆಯಲ್ಲಿ ಉಳಿದುಕೊಂಡಿತ್ತು. ಕ್ರಿ.ಪೂ. 74ರಲ್ಲಿ ಹುವೊ ಗ್ವಾಂಗ್ ಅವನನ್ನೇ ಶ್ಯುವಾನ್ ಚಕ್ರವರ್ತಿಯಾಗಿ ಕೂರಿಸಿದ. ಹುವೊ ಗ್ವಾಂಗ್‌ನ ಹೆಂಡತಿ ಆ ಹುಡುಗನ ರಾಣಿಗೆ ವಿಷ ಹಾಕಿಸಿ ತನ್ನ ಮಗಳನ್ನು ರಾಣಿ ಮಾಡಿದಳು. ಹುವೊ ಗ್ವಾಂಗ್ 68ರಲ್ಲಿ ತೀರಿಕೊಂಡ. 66ರಲ್ಲಿ ವೇಯ್ ಜಿಫುವಿನ ಆ ಮರಿಮಗ ಹುವೊ ಮನೆತನವನ್ನು ಬೇರುಸಹಿತ ಕಿತ್ತುಹಾಕಿದ.